ಅರ್ಧಕ್ಕೆ ನಿಂತ ತೋಡಿ

ಬೆಳಿಗ್ಗೆ ಆರೂವರೆಗೆ ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತ ಶುರುವಾಗುತ್ತಿದ್ದಂತೆ ಅಕ್ಕ ಬ್ರೆಡ್ಡಿನ ಅಚ್ಚುಗಳನ್ನು ಒಲೆಯೊಳಗೆ ತಳ್ಳುತ್ತಿದ್ದಳು. ಏಳು ಗಂಟೆಗೆ ಸರಿಯಾಗಿ, ಹಾಡುವವರು ಎಂಥ ವಿದ್ವಾಂಸರೇ ಆಗಿರಲಿ, ರಾಗದ ಯಾವ ತುದಿಯಲ್ಲೇ ನಿಂತಿರಲಿ, ಉದ್ಘೋಷಕ ನಡುವೆ ಬಾಯಿ ಹಾಕಿ, "ಸಮಯಾಭಾವದಿಂದ ಈ ಕಛೇರಿಯನ್ನು ಇಲ್ಲಿಗೆ ಮುಗಿಸಲಾಗುತ್ತಿದೆ. ಈಗ ವಾರ್ತೆಗಳು" ಎನ್ನುತ್ತಿದ್ದ. ಅಕ್ಕ ಅವನಿಗೆ ಒಂದು ಶಾಪ ಹಾಕಿ, ಒಲೆಯ ಬಾಗಿಲು ತೆಗೆದು, ಬ್ರೆಡ್ಡು ಹೊರಗೆಳೆಯುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆಯಿತು. ಬ್ರೆಡ್ಡು ಒಂದು ದಿನ ಹಸಿಯಾಗಲಿಲ್ಲ, ಒಂದು ದಿನ ಸೀಯಲಿಲ್ಲ. ಕಛೇರಿಯೂ ಒಂದು ದಿನ ಪೂರ್ತಿಯಾಗಲಿಲ್ಲ.

ಅಕ್ಕತಂಗಿಯರ ಬೇಕರಿ ಅದು. ಹಿಂದಿನ ಕೋಣೆ, ಇಟ್ಟಿಗೆಯ ಒಲೆ, ಮೈದಾ ಚೀಲಗಳು ಮತ್ತು ರೇಡಿಯೋ ಅಕ್ಕನ ಪಾಲಿಗೆ. ಮುಂದಿನ ಕೌಂಟರು, ಗಾಜಿನ ಬೀರು ಮತ್ತು ಗಿರಾಕಿಗಳ ಜೊತೆ ಜಗಳ ತಂಗಿಯ ಪಾಲಿಗೆ. ತಂಗಿಗೆ ಮೂಗಿನ ತುದಿಯಲ್ಲೇ ಕೋಪ. ಹಾಗಂತ ಕೆಟ್ಟವಳೇನಲ್ಲ, ಬೈಸಿಕೊಂಡ ಗಿರಾಕಿಗೆ ಒಂದು ಬನ್ನು ಹೆಚ್ಚಿಗೆ ಹಾಕಿ ಕಳಿಸುವ ಪೈಕಿ.

ತಂಗಿಯ ಕೋಪ ಮೂಗಿನ ಮೇಲಾದರೆ ಅಕ್ಕನ ಸಂಕಟವೂ ಮೂಗಿನದೇ. ಎರಡು ವರ್ಷದ ಹಿಂದೆ ಬಂದ ಜ್ವರ ವಾರಕ್ಕೆ ಹೋಯಿತು. ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಬೇಕರಿಯವಳಿಗೆ ವಾಸನೆ ತಿಳಿಯುವುದಿಲ್ಲವೆಂದರೆ ಏನು ಗತಿ? ತಂಗಿಗೆ ಗೊತ್ತಾದರೆ ಮುಗಿಯಿತು, "ಪಾಪ ಅಕ್ಕ" ಎಂದು ಕರೆತಂದು ಕೌಂಟರಿನಲ್ಲಿ ಕೂರಿಸುತ್ತಾಳೆ, ಒಲೆಗೆ ಬೇರೆ ಯಾರನ್ನೋ ಇಡುತ್ತಾಳೆ. ಒಲೆ ಬಿಟ್ಟು ಅಕ್ಕನಿಗೆ ಬದುಕಿಲ್ಲ. ಹಾಗಾಗಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬಾಯಿ ಮುಚ್ಚಿಕೊಂಡು, ಎಲ್ಲ ಭಾರವನ್ನೂ ರೇಡಿಯೋದ ಮೇಲೆ ಹಾಕಿದಳು. ಗೋಡೆಗೆ ಗಡಿಯಾರ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಆದರೆ ಗಡಿಯಾರವನ್ನು ನಾವಾಗಿ ತಲೆ ಎತ್ತಿ ನೋಡಬೇಕು. ಎರಡನೇ ಸರದಿಯ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದವಳಿಗೆ ಆ ನೆನಪು ಎಲ್ಲಿಂದ ಬರಬೇಕು? ರೇಡಿಯೋ ಹಾಗಲ್ಲ, ತಾನಾಗಿ ಕೂಗಿ ಹೇಳುತ್ತದೆ.

ಅಂಥ ರೇಡಿಯೋ ಒಂದು ಬೆಳಿಗ್ಗೆ ತಣ್ಣಗೆ ಸುದ್ದಿ ಕೊಟ್ಟಿತು. ನಾಳೆಯಿಂದ ಈ ಹೊತ್ತಿಗೆ ಹರಟೆ ಮತ್ತು ಸಿನಿಮಾ ಹಾಡು. ಶಾಸ್ತ್ರೀಯ ಸಂಗೀತ ಬೇಕಾದವರು ಮೊಬೈಲಿನ ಆ್ಯಪ್‌ನಲ್ಲಿ ಕೇಳಿಕೊಳ್ಳಬಹುದು.

ಅಕ್ಕ ಆ ದಿನವೆಲ್ಲ ಮಂಕಾಗಿಯೇ ಇದ್ದಳು. ಸಂಜೆ ತಂಗಿಯ ಮಗಳು, ಕಾಲೇಜಿಗೆ ಹೋಗುವ ಹುಡುಗಿ, ದೊಡ್ಡಮ್ಮನ ಮುಖ ನೋಡಿ ವಿಷಯ ತಿಳಿದು ನಕ್ಕುಬಿಟ್ಟಳು.

"ಅಷ್ಟೇನಾ ದೊಡ್ಡಮ್ಮ? ಹಾಡೆಲ್ಲ ನಿನ್ನ ಫೋನಲ್ಲೇ ಬರುತ್ತೆ. ಯಾವ್ದು ಬೇಕು ಹೇಳು."

ಅಕ್ಕ ಪೆಚ್ಚಾದಳು. ಯಾವುದು ಬೇಕು? ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ರೇಡಿಯೋ ಬಡಿಸಿತು, ಅವಳು ಉಂಡಳು. ಆದರೆ ಪ್ರಶ್ನೆ ಒಳಗಿಳಿಯುತ್ತಿದ್ದಂತೆ ಉತ್ತರ ತಾನೇ ಎದ್ದು ಬಂತು.

"ಒಂದು ತೋಡಿ ಇದೆ ಕಣೇ. ಹಾಡಿದೋಳ ಹೆಸರು ಗೊತ್ತಿಲ್ಲ. ಶುರು ಮಾಡೋಕೆ ಮುಂಚೆ ಸಣ್ಣಗೆ ಕೆಮ್ತಾಳೆ."

ಎರಡು ಮೂರು ತಿಂಗಳಿಗೊಮ್ಮೆ ರೇಡಿಯೋದಲ್ಲಿ ಬರುತ್ತಿದ್ದ ಹಳೇ ಕಛೇರಿ ಅದು. ಕೆಮ್ಮಿನವಳು ತೋಡಿ ರಾಗವನ್ನು ಆತುರವಿಲ್ಲದೆ ಹರಡಿ, ಕೃತಿ ಹಾಡಿ, ಸ್ವರ ಹಾಕುತ್ತಾ ಮೇಲಕ್ಕೇರಿ, ಇನ್ನೂ ಏರಿ, ಇನ್ನೇನು ಆ ಮೇಲಿನ ಷಡ್ಜವನ್ನು ಮುಟ್ಟಿಯೇಬಿಟ್ಟಳು ಎನ್ನುವಾಗ "ಸಮಯಾಭಾವದಿಂದ..." ಎಂಬ ದನಿ! ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಅವಳು ಮುಟ್ಟಿದಳೋ ಇಲ್ಲವೋ ಎಂಬ ಚಿಂತೆಯಲ್ಲಿ ಅಕ್ಕನ ಅದೆಷ್ಟೋ ದಿನಗಳು ಕಳೆದಿದ್ದವು. ತನ್ನನ್ನು ನೋಡಲು ಬಂದ ಒಂದೆರಡು ಗಂಡುಗಳ ಬಗ್ಗೆಯೂ ಅವಳು ಅಷ್ಟು ಯೋಚಿಸಿರಲಿಲ್ಲ.

ಹುಡುಗಿ ಒಂದೊಂದೇ ತೋಡಿಯನ್ನು ಚೂರು ಚೂರು ಕೇಳಿಸಿದಳು. ಅಕ್ಕ ತಲೆ ಅಲ್ಲಾಡಿಸುತ್ತಾ ಹೋದಳು. ಹನ್ನೊಂದನೆಯದರಲ್ಲಿ ಸಣ್ಣ ಕೆಮ್ಮು ಕೇಳಿಸಿತು.

"ಅಯ್ಯೋ, ಇವಳೇ! ಸಾಕು, ನಿಲ್ಸು ನಿಲ್ಸು, ಬೆಳಿಗ್ಗೆಗಿರ್ಲಿ!"

"ಐವತ್ತೆರಡು ನಿಮಿಷ ಇದೆ ದೊಡ್ಡಮ್ಮ" ಎಂದಳು ಹುಡುಗಿ. ಮಾತು ಅಕ್ಕನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಾರನೇ ದಿನ ಆರೂವರೆಗೆ ಹುಡುಗಿ ಫೋನನ್ನು ರೇಡಿಯೋದ ಪಕ್ಕ ಒರಗಿಸಿ, ಹಾಡು ಹಚ್ಚಿ, ಕಾಲೇಜಿಗೆ ಓಡಿದಳು. ಕೆಮ್ಮು ಕೇಳಿಸಿತು. ಅಕ್ಕ ಇಪ್ಪತ್ತನಾಲ್ಕು ಅಚ್ಚುಗಳನ್ನು ಒಲೆಯೊಳಗೆ ತಳ್ಳಿ, ಬಾಗಿಲು ಮುಚ್ಚಿ, ಒಲೆಗೆ ಬೆನ್ನು ಮಾಡಿ ಹಿಟ್ಟು ನಾದಲು ನಿಂತಳು. ಎಲ್ಲ ಎಂದಿನಂತೆಯೇ. ಒಂದು ಕಿವಿ ತೋಡಿಯ ಮೇಲೆ, ಇನ್ನೊಂದು ಆ ಹಾಳು ಉದ್ಘೋಷಕ ಯಾವಾಗ ಬಾಯಿ ಹಾಕುತ್ತಾನೋ ಎಂಬುದರ ಮೇಲೆ.

ಕೆಮ್ಮಿನವಳು ಸ್ವರಕ್ಕೆ ಬಂದಳು. ಏರಿದಳು. ಇನ್ನೂ ಏರಿದಳು. ಅಕ್ಕ ಅಭ್ಯಾಸಬಲದಿಂದ ಶಾಪಕ್ಕೆ ಬಾಯಿ ತೆರೆದಳು. ಯಾರೂ ಬರಲಿಲ್ಲ. ಕೆಮ್ಮಿನವಳು ಇನ್ನೂ ಒಂದು ಮೆಟ್ಟಿಲು ಹತ್ತಿ, ಮೇಲಿನ ಷಡ್ಜವನ್ನು ಮುಟ್ಟಿ, ಅಲ್ಲೇ ನಿಂತುಬಿಟ್ಟಳು. "ಭಲೇ!" ಎಂದ ಪಿಟೀಲಿನವನ ದನಿಯೂ ಕೇಳಿಸಿತು.

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. ಕಣ್ಣು ಮುಚ್ಚಿಕೊಂಡಿತು, ಮುಚ್ಚಿದ ಕಣ್ಣಿಂದ ಧಾರಾಕಾರ ನೀರು, ಮುಖದ ತುಂಬ ನಗು. ಅಬ್ಬಾ, ಮುಟ್ಟಿದಳಲ್ಲ! ಮುಟ್ಟಿದ ಮೇಲೆ ಅಲ್ಲಿಂದ ಮಕ್ಕಳು ಜಾರುಬಂಡೆ ಜಾರಿದ ಹಾಗೆ ಇಳಿದಳಲ್ಲ! ಆಮೇಲೆ ಮೃದಂಗದವನ ಸರದಿ. ಇಂಥವನೊಬ್ಬ ಇಷ್ಟು ವರ್ಷ ವಾರ್ತೆಗಳ ಹಿಂದೆ ಅಡಗಿಕೊಂಡಿದ್ದನೇ! ಲೋಕವೇ ಮರೆತುಹೋಯಿತು.

"ಅಕ್ಕಾ!"

ಕಣ್ಣು ಬಿಟ್ಟರೆ ಕೋಣೆಯೆಲ್ಲ ಹೊಗೆ. ತಂಗಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ನುಗ್ಗಿ, ಒಲೆಯ ಬಾಗಿಲು ಎಳೆದಳು. ಇಪ್ಪತ್ತನಾಲ್ಕು ಕರೀ ಇಟ್ಟಿಗೆಗಳು ಹೊರಬಂದವು.

"ಬೀದಿ ತುದಿವರೆಗೂ ಸೀದ ವಾಸನೆ! ಒಲೆ ಮುಂದೆ ನಿಂತಿರೋ ನಿಂಗೆ ಬಡೀಲಿಲ್ವಾ? ಮೂಗೆಲ್ಲಿ ಇಟ್ಟು ಬಂದಿದೀಯಾ?"

ಇನ್ನು ಮುಚ್ಚಿಡುವುದಕ್ಕೆ ಏನುಳಿದಿತ್ತು? ಅಕ್ಕ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಮೂಗಿದೆ ಕಣೇ, ವಾಸನೆ ಇಲ್ಲ. ಆ ಜ್ವರ ಬಂದಾಗಿಂದ. ರೇಡಿಯೋ ಕೇಳ್ಕೊಂಡೇ ಬ್ರೆಡ್ ತೆಗೀತಿದ್ದೆ. ಇನ್ನು ನನ್ನ ಕೌಂಟರಿಗೆ ಕಳಿಸ್ತೀಯ ತಾನೇ? ಕಳಿಸು."

ತಂಗಿ ಬಾಯಿ ತೆರೆದಳು. ಅಷ್ಟರಲ್ಲಿ ಮೃದಂಗ ಮುಗಿದು ಕೆಮ್ಮಿನವಳು ಮತ್ತೆ ಪಲ್ಲವಿ ಎತ್ತಿಕೊಂಡಳು. ತಂಗಿಯ ಬಾಯಿ ತೆರೆದಂತೆಯೇ ಉಳಿಯಿತು.

"ಇದು... ಆ ಕೆಮ್ಮಿನವಳಲ್ವೇನೇ?"

"ಹೂಂ."

"ಏಳು ಗಂಟೆ ಆದ್ಮೇಲೂ ಹಾಡ್ತಿದಾಳಾ?"

"ಹಾಡ್ತಾನೇ ಇದಾಳೆ."

ತಂಗಿ ಗುಟ್ಟು ಕೇಳುವವಳಂತೆ ಹತ್ತಿರ ಬಂದಳು. "ಮುಟ್ಟಿದ್ಲಾ?"

"ಮುಟ್ಟಿದ್ಲು ಕಣೇ."

"ನೀನೊಬ್ಳೇ ಕೇಳ್ದ್ಯಾ?" ತಂಗಿಗೆ ನಿಜವಾದ ಕೋಪ ಬಂದದ್ದು ಈಗ. "ಬ್ರೆಡ್ಡು ಸುಟ್ಟೋಗ್ಲಿ, ಮನೆ ಹಾಳಾಗೋಗ್ಲಿ! ಮೂವತ್ತು ವರ್ಷ ಆ ಕೌಂಟರಲ್ಲಿ ನಿಂತ್ಕೊಂಡು ನಾನೂ ಕಾಯ್ತಿರ್ಲಿಲ್ವಾ? ರೇಡಿಯೋ ಥರ ಈ ಫೋನು ಅಲ್ಲೀವರೆಗೆ ಕೇಳ್ಸುತ್ತಾ? ಒಂದು ಕೂಗು ಹಾಕೋಕಾಗ್ಲಿಲ್ವಾ ನಿಂಗೆ?"

ಅಕ್ಕ ಬೆಪ್ಪಾಗಿ ನೋಡಿದಳು. ಒಂದೇ ಗೋಡೆಯ ಆಚೆ ಈಚೆ ನಿಂತು, ಒಂದೇ ಷಡ್ಜಕ್ಕೆ ಇಬ್ಬರೂ ಇಷ್ಟು ವರ್ಷ ಕಾದಿದ್ದಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಇದನ್ನ ಹಿಂದಕ್ಕೂ ಹಾಕ್ಬಹುದಂತೆ ಕಣೇ, ನಿನ್ನ ಮಗಳು ಹೇಳಿದ್ಲು" ಎಂದಳು.

ತಂಗಿ ಮಸಿ ಬೆರಳಿನಿಂದ ಫೋನಿನ ಗೆರೆಯನ್ನು ಹಿಂದಕ್ಕೆಳೆದಳು. ಇಬ್ಬರೂ ಮೈದಾ ಚೀಲದ ಮೇಲೆ ಒತ್ತಿಕೊಂಡು ಕೂತರು. ಷಡ್ಜ ಬಂದಾಗ ತಂಗಿ ಅಕ್ಕನ ತೊಡೆಗೆ ರಪ್ಪನೆ ಬಾರಿಸಿದಳು. ಮೂರು ಸಲ ಹಿಂದಕ್ಕೆ ಹಾಕಿ ಕೇಳಿದರು, ಮೂರು ಸಲವೂ ಅಕ್ಕನ ತೊಡೆಗೆ ಏಟು ಬಿತ್ತು. ಹೊರಗೆ ದಿನಾ ಬರುವ ಬಸ್ ಡ್ರೈವರು ಕೌಂಟರು ತಟ್ಟಿ, "ಏನಮ್ಮಾ, ಇವತ್ತು ಬ್ರೆಡ್ ಇಲ್ವಾ?" ಎಂದು ಕೂಗಿದ.

"ಇಲ್ಲ! ತೋಡಿ ಇದೆ! ಬೇಕಾದ್ರೆ ಒಳಗೆ ಬಾ!" ಎಂದಳು ತಂಗಿ. ಪುಣ್ಯಾತ್ಮ ಬಂದೇಬಿಟ್ಟ. ಅವತ್ತು ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು.

ಹೊಗೆ ಇಳಿದ ಮೇಲೆ ತಂಗಿ ಕರೀ ಬ್ರೆಡ್ಡುಗಳನ್ನು ಬುಟ್ಟಿಗೆ ಸುರಿಯುತ್ತಾ ಹೇಳಿದಳು: "ನೀನು ಕೌಂಟರಿಗೆ ಬಂದು ಮಾಡೋದೇನು? ಒಬ್ಬ ಗಿರಾಕಿಗೂ ಬೈಯೋಕೆ ಬರಲ್ಲ ನಿಂಗೆ. ಒಲೆ ನಿಂದೇ. ಮೂಗಿನ ಕೆಲಸ ನನಗೆ ಬಿಡು. ಆದ್ರೆ ಎರಡು ವರ್ಷ ನನ್ನಿಂದ ಮುಚ್ಚಿಟ್ಯಲ್ಲ, ಅದಕ್ಕೆ ನಿನ್ನ ಕ್ಷಮಿಸಲ್ಲ ತಿಳ್ಕೋ." ಅಕ್ಕ ತಂಗಿಯ ಕೆನ್ನೆಯ ಮಸಿ ಒರೆಸಲು ಹೋಗಿ ಅಲ್ಲಿ ಮೈದಾ ಮೆತ್ತಿದಳು.

ಸಂಜೆ ಹುಡುಗಿ ಫೋನಿನಲ್ಲಿ ಅಲಾರಂ ಇಟ್ಟುಕೊಡುತ್ತೇನೆಂದಳು. ಕೇಳಿಸಿದಳು ಕೂಡ. ಕೋಳಿಮರಿ ಕಿಚಗುಟ್ಟಿದ ಹಾಗಿತ್ತು. "ತೋಡಿ ಮಧ್ಯೆ ಇದಾ? ಥೂ, ತೆಗಿ" ಎಂದರು ಅಕ್ಕತಂಗಿಯರು ಒಟ್ಟಿಗೆ.

ಮಾರನೇ ಬೆಳಿಗ್ಗೆ ಅಕ್ಕ ತಾನೇ ಬೆರಳಿಟ್ಟು ಹಾಡು ಹಚ್ಚಿದಳು. ಕೆಮ್ಮು ಕೇಳಿಸಿತು, ಬ್ರೆಡ್ಡು ಒಲೆಗೆ ಹೋಯಿತು. ಕೆಮ್ಮಿನವಳು ಸ್ವರ ಹಾಕುತ್ತಾ ಏರತೊಡಗಿದಳು. ಅಕ್ಕನಿಗೆ ಒಲೆಯ ನೆನಪು ಮೆಲ್ಲಗೆ ಜಾರತೊಡಗಿತು. ಆಗ ನಡುಬಾಗಿಲಿನಿಂದ, ಗಂಡುದನಿ ಮಾಡಿಕೊಂಡು, ಬಲು ಗಂಭೀರವಾಗಿ, ತಂಗಿ ಉದ್ಘೋಷಿಸಿದಳು:

"ಸಮಯಾಭಾವದಿಂದ ಬ್ರೆಡ್ಡನ್ನು ಮಾತ್ರ ಇಲ್ಲಿಗೆ ಮುಗಿಸಲಾಗುತ್ತಿದೆ. ಕಛೇರಿ ಮುಂದುವರಿಯುತ್ತದೆ."