ಗಾಳಿ ಹಾಸಿಗೆ

ಕಳಕಮ್ಮನಿಗೆ ಸೊಂಟದಿಂದ ಕೆಳಗೆ ನೋವು ಇರಲಿಲ್ಲ.

ಇರುವೆ ಕಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಕೆಂಡ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಭತ್ತದ ಸಸಿ ಹಚ್ಚಲು ಹೆಣ್ಣಾಳುಗಳನ್ನು ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಮರಳಿ ಊರಿನ ಹತ್ತಿರ ಕಾಲುವೆ ದಂಡೆಯಿಂದ ಉರುಳಿತ್ತು. ಉಳಿದವರ ಕೈಕಾಲು ಮುರಿದವು, ಮತ್ತೆ ಕೂಡಿದವು. ಕಳಕಮ್ಮನ ಬೆನ್ನು ಕೂಡಲಿಲ್ಲ. ಹೊಲದ ಮಾಲೀಕ ಒಮ್ಮೆ ಬಂದು ಬಾಳೆಹಣ್ಣು ಇಟ್ಟು ಹೋದ. ಅವನ ಟ್ರ್ಯಾಕ್ಟರ್ ರಿಪೇರಿಯಾಗಿ ಮರುವಾರವೇ ಗದ್ದೆಗೆ ಇಳಿಯಿತು.

ನೋವು ಇದ್ದವರು ನಿದ್ದೆಯಲ್ಲೂ ಹೊರಳುತ್ತಾರೆ. ಕಳಕಮ್ಮ ಹೊರಳುತ್ತಿರಲಿಲ್ಲ. ಹಾಕಿದಲ್ಲೇ ಬಿದ್ದಿರುತ್ತಿದ್ದಳು. ಒಂದೇ ಕಡೆ ಭಾರ ಬಿದ್ದು ಅಲ್ಲಿಯ ಚರ್ಮ ಕೆಂಪಾಗಿ, ಆಮೇಲೆ ಕಪ್ಪಾಗಿ, ಕೊಳೆಯುತ್ತಿತ್ತು. ಅದಕ್ಕೇ ಎರಡು ತಾಸಿಗೊಮ್ಮೆ ಯಾರಾದರೂ ಅವಳನ್ನು ಹೊರಳಿಸಬೇಕು. ಗಂಡ ಅಂದಪ್ಪ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ. ಬೆಳಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವನು. ಹೀಗಾಗಿ ಮಗಳು ಸುನಿತಾ ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಅವ್ವನ ಪಕ್ಕ ಕೂತಳು.

ಹಜರತಬೀ ಬರತೊಡಗಿದ ಮೇಲೆ ಸುನಿತಾ ಮತ್ತೆ ಸಾಲೆಗೆ ಹೋದಳು.

ಹಜರತಬೀ ಗಂಗಾವತಿಯ ಒಂದು ಸಂಸ್ಥೆಯ ಆರೈಕೆ ಕಾರ್ಯಕರ್ತೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ತೊಳೆಯುವುದು, ಹೊರಳಿಸುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು ಅವಳ ಕೆಲಸ. ಒಂದು ಮನೆಗೆ ಒಬ್ಬಳು ಎಂದು ಸಂಸ್ಥೆ ಹಣ ಕೊಡುವವರಿಗೆ ಹೇಳಿತ್ತು. ಅವಳಿಗೆ ಹಚ್ಚಿದ್ದು ಐದು ಮನೆ. ಕೈಗವಸು, ಹತ್ತಿ, ಮುಲಾಮು ಕೇಳಿದಾಗಲೆಲ್ಲ ಸಂಯೋಜಕ ಗೋವಿಂದರಾಜ, "ಬರಾಕತ್ತಾವ, ದಾರ್ಯಾಗ ಅದಾವ" ಎನ್ನುತ್ತಿದ್ದ. ಹಜರತಬೀ ಹಳೆಯ ಸೀರೆ ಕುದಿಸಿ, ಒಣಗಿಸಿ, ಪಟ್ಟಿ ಹರಿಯುತ್ತಿದ್ದಳು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬರುತ್ತಿದ್ದಳು. ನಡುವೆ ಪಕ್ಕದ ಮನೆಯ ಪಕೀರಮ್ಮ ಬಂದು ಹೊರಳಿಸುತ್ತಿದ್ದಳು.

ಅಂದಪ್ಪ ಮಿಲ್ಲಿನಿಂದ ಭತ್ತದ ಹೊಟ್ಟು ತಂದುಕೊಟ್ಟಿದ್ದ. ಹಜರತಬೀ ಅದನ್ನು ಗೋಣಿಚೀಲಕ್ಕೆ ತುಂಬಿ, ಮೇಲೆ ಸೀರೆ ಸುತ್ತಿ, ಆಳುದ್ದದ ದಿಂಬು ಹೊಲಿದಳು. ಮಗ್ಗಲಾಗಿ ಮಲಗಿಸಿ ಬೆನ್ನಿಗೆ ಅದನ್ನು ಆನಿಸಿದರೆ ಕಳಕಮ್ಮ ಹಿಂದಕ್ಕೆ ಉರುಳುತ್ತಿರಲಿಲ್ಲ.

"ಇಂವ ನನ್ನ ಎರಡನೇ ಗಂಡ ನೋಡಬೇ" ಎಂದು ಕಳಕಮ್ಮ ಪಕೀರಮ್ಮನಿಗೆ ಹೇಳುತ್ತಿದ್ದಳು. "ಕುಡದು ಬರಂಗಿಲ್ಲ, ಗೊರಕಿ ಹೊಡಿಯಂಗಿಲ್ಲ."

"ಮೊದಲನೇದಾಂವ ಕೇಳಿಸ್ಕೊಂಡಾನು, ಮೆಲ್ಲಕ ಮಾತಾಡು."

"ಕೇಳಿಸ್ಕೊಳ್ಳಲಿ. ಬುದ್ಧಿ ಬರತೈತಿ."

ಕಳಕಮ್ಮನ ಬೆನ್ನ ಬುಡದಲ್ಲಿ ಅಂಗೈಯಷ್ಟಿದ್ದ ಹುಣ್ಣು ಹುಣಸೆಬೀಜದಷ್ಟಾಯಿತು. ಹಜರತಬೀ ಅದನ್ನು ದಿನಾ ನೋಡಿ, "ಮುಚ್ಚಾಕತ್ತೈತಿ ಅಕ್ಕಾ, ಇನ್ನ ಒಂದೀಟು" ಎನ್ನುತ್ತಿದ್ದಳು.

ಅಷ್ಟರಲ್ಲಿ ಹಣ ಕೊಡುವವರ ಕಡೆಯಿಂದ ಆರೈಕೆಯ ಗುಣಮಟ್ಟ ಅಳೆಯುವವರು ಬರುತ್ತಾರೆಂದು ಸುದ್ದಿ ಬಂತು.

ಗೋವಿಂದರಾಜ ಹಿಂದಿನ ದಿನ ಬೆಳಗ್ಗೆ, ಅಂದಪ್ಪ ಮಿಲ್ಲಿಗೆ ಹೊರಡುವ ಮೊದಲೇ ಮನೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತು ಒಳಗೆ ಕಣ್ಣಾಡಿಸಿದ.

"ಕಾರು ಬಾಗಲತನಾ ಬರತೈತಿ. ಅದಕ್ಕ ನಿಮ್ಮ ಮನಿ ಆರಿಸೀವಿ. ಬೆಂಗಳೂರಿನ ಮೇಡಂ ಬರ್ತಾರ. ಏನ್ ಕೇಳಿದ್ರೂ ಛಲೋ ಐತ್ರಿ ಅನ್ನಬೇಕು."

"ಛಲೋ ಇದ್ದದ್ದಕ್ಕ ಛಲೋ ಅಂತೀವ್ರಿ" ಎಂದ ಅಂದಪ್ಪ. "ಮುಲಾಮು ಬಂದಿಲ್ಲಲ್ರಿ?"

"ಅದನ್ನ ಅವರ ಮುಂದ ತೆಗೀಬ್ಯಾಡ. ಅಂಕ ಕಡಿಮಿ ಬಿದ್ರ ನನಗೇನೂ ಆಗಂಗಿಲ್ಲ. ಮೊದಲು ತೆಗೆಯೂದು ಕಾರ್ಯಕರ್ತಿನ್ನ. ಹಜರತಬೀನ ಮನಿಗೆ ಕಳಸ್ತಾರ. ನೋಡ್ಕೊ ಮತ್ತ."

ಹಜರತಬೀ ಮೂಲೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕಳಕಮ್ಮ ಅವಳ ಕಡೆ ನೋಡಿದಳು. ಗಂಡ ಬಿಟ್ಟವಳು. ತಾಯಿಯನ್ನೂ ಮಗುವನ್ನೂ ಅವಳೇ ಸಾಕಬೇಕು.

"ನಾ ಹೇಳ್ತೀನ್ರಿ" ಎಂದಳು ಕಳಕಮ್ಮ. "ನೀವು ಚಿಂತಿ ಮಾಡಬ್ಯಾಡ್ರಿ."

ಅವತ್ತು ರಾತ್ರಿಯಿಂದ ಅವಳು ಉಣ್ಣಲಿಲ್ಲ, ನೀರು ಕುಡಿಯಲಿಲ್ಲ. ಹೊಟ್ಟೆಯ ಮೇಲೆ ಹಿಡಿತವಿಲ್ಲ. ಮನೆಗೆ ಬಂದವರ ಮುಂದೆ ಹಾಸಿಗೆ ಹಸಿಯಾದರೆ ಏನು ಗತಿ ಎಂಬ ಹೆದರಿಕೆ. ಸುನಿತಾ ಹಾಲು ತಂದರೂ ತುಟಿ ಬಿಚ್ಚಲಿಲ್ಲ.

ಬೆಳಗ್ಗೆ ಸಂಸ್ಥೆಯ ಟೆಂಪೊ ಬಂತು. ಅದರಲ್ಲಿ ಗಾಳಿ ಹಾಸಿಗೆ ಇತ್ತು. ಕರೆಂಟಿನ ಪಂಪು ಗಾಳಿ ಊದಿದರೆ ಉಬ್ಬುವಂಥದು. ಮೈಭಾರ ಒಂದೇ ಕಡೆ ಬೀಳದಂತೆ ತಡೆಯುವಂಥದು. ಹಜರತಬೀ ಇದನ್ನೇ ಎರಡು ವರ್ಷದಿಂದ ಕೇಳುತ್ತಿದ್ದಳು. ಅದು ಆಫೀಸಿನ ಕೋಣೆಯಲ್ಲಿ ಪ್ಲಾಸ್ಟಿಕ್ಕು ಸುತ್ತಿಕೊಂಡು ಕೂತಿತ್ತು.

"ಈ ಗೋಣಿಚೀಲಾ ಎದಕ್ಕ?" ಎಂದ ಗೋವಿಂದರಾಜ. "ನಾರತೈತಿ. ಹೊರಗ ಒಗೀರಿ."

"ಸರ್, ಅದು ಬೇಕ್ರಿ" ಎಂದಳು ಹಜರತಬೀ.

"ಇಷ್ಟು ದೊಡ್ಡ ಹಾಸಿಗಿ ಬಂದೈತಿ, ಇನ್ನ ಅದ್ಯಾಕ?"

ಡ್ರೈವರ್ ಹೊಟ್ಟಿನ ದಿಂಬನ್ನು ಓಣಿಯ ತಿಪ್ಪೆಗೆ ಎಸೆದ. ನಾಯಿಗಳು ಎಳೆದಾಡಿ ಹರಿದವು. ಹೊಟ್ಟು ಗಾಳಿಗೆ ಹಾರಿತು.

ಕಳಕಮ್ಮನನ್ನು ಹೊಸ ಹಾಸಿಗೆಯ ಮೇಲೆ ಬಿಳಿ ಚಾದರ ಹಾಸಿ ಅಂಗಾತ ಮಲಗಿಸಿದರು. ಫೋಟೊದಲ್ಲಿ ಮುಖ ಬರಬೇಕಿತ್ತು. ಪಕೀರಮ್ಮ ತನ್ನ ಮಗಳ ಮದುವೆಗೆ ಹೊಲಿದಿಟ್ಟ ಹೊಸ ಕೌದಿ ತಂದು ಹೊದಿಸಿದಳು. ಬೀಗರು ಬಂದರೂ ಹೊರಗೆ ತೆಗೆಯದ ಕೌದಿ ಅದು.

"ಏ ಕಳಕವ್ವ, ಮದಲಗಿತ್ತಿ ಕಂಡಂಗ ಕಾಣತಿ" ಎಂದಳು.

"ಹಂಗಾದ್ರ ಅಂದಪ್ಪಗ ಬಾಸಿಂಗ ಕಟ್ರಿ. ಮಿಲ್ಲಿಗೆ ಹೋಗ್ಯಾನ, ಕರೀರಿ."

ಎಲ್ಲರೂ ನಕ್ಕರು. ಗೋವಿಂದರಾಜನೂ ನಕ್ಕ.

ಒಂಬತ್ತಕ್ಕೆ ಬರುವವರು ಹತ್ತಾದರೂ ಬರಲಿಲ್ಲ. ಹನ್ನೊಂದಕ್ಕೆ ಕರೆಂಟು ಹೋಯಿತು. ಪಂಪು ನಿಂತಿತು. ಹಾಸಿಗೆ ಸದ್ದಿಲ್ಲದೆ ಇಳಿಯತೊಡಗಿತು. ಹಜರತಬೀ ಕೌದಿಯ ಕೆಳಗೆ ಕೈ ಹಾಕಿ ನೋಡಿದಳು. ರಬ್ಬರಿನ ಕೆಳಗೆ ಮಂಚದ ಹಲಗೆ ಕೈಗೆ ಸಿಕ್ಕಿತು.

"ಸರ್, ಗಾಳಿ ಇಳದೈತ್ರಿ. ಒಮ್ಮಿ ಮಗ್ಗಲಿಗೆ ಹೊರಳಸ್ತೀನಿ."

"ಬಂದೇ ಬಿಟ್ರು. ಈಗ ಹೊರಳಿಸಿದ್ರ ಚಾದರ ಸುಕ್ಕು ಬೀಳತೈತಿ."

ಅವನು ಫೋನು ಹಚ್ಚಿದ. ಮೇಡಂ ಹನುಮನಹಳ್ಳಿಯಲ್ಲಿದ್ದರು. ದೇವರ ದರ್ಶನಕ್ಕೆ ಅಂಜನಾದ್ರಿ ಗುಡ್ಡ ಹತ್ತುತ್ತಿದ್ದರು.

ಇನ್ನೂ ಒಂದು ತಾಸು ಹೋಯಿತು.

"ಸರ್, ಕಾಲ್ ಬೀಳ್ತೀನಿ. ಒಂದೇ ನಿಮಿಷ."

"ಇಳ್ಯಾಕತ್ಯಾರಂತ. ಏನಬೇ ನಿಂದು? ಆಕಿಗೇನ್ ನೋವಾಗತೈತೇನು?" ಗೋವಿಂದರಾಜ ಕಳಕಮ್ಮನ ಕಡೆ ತಿರುಗಿದ. "ಏನವ್ವ, ಏನರ ತ್ರಾಸ ಐತೇನು?"

"ಏನೂ ಗೊತ್ತಾಗವಲ್ದ್ರಿ. ಆರಾಮ ಅದೀನಿ. ಸುಮ್ನಿರು ಹಜರತಬೀ, ಈಟೊತ್ತು ತಡದೀನಿ. ಇನ್ನೀಟು."

ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹಜರತಬೀ ಕೌದಿಯ ಅಂಚು ಹಿಡಿದುಕೊಂಡು ನಿಂತಳು. ಎತ್ತಲಿಲ್ಲ.

ಕಾರು ಬಂದಾಗ ಬಿಸಿಲು ಇಳಿದಿತ್ತು. ಅಂಜಲಿ ಮೇಡಂ ವಯಸ್ಸಿನಲ್ಲಿ ಚಿಕ್ಕವರು. ಮುಖ ಬಿಸಿಲಿಗೆ ಕೆಂಪಾಗಿತ್ತು, ಹಣೆಯಲ್ಲಿ ಗುಡ್ಡದ ಕುಂಕುಮವಿತ್ತು. ಕುರ್ಚಿ ಬಿಟ್ಟು ಮಂಚದ ತುದಿಯಲ್ಲಿ ಕೂತು ಕಳಕಮ್ಮನ ಕೈ ಹಿಡಿದರು. ಕೆಟ್ಟವರಾಗಿರಲಿಲ್ಲ.

"ಇವರು ದಿನಾ ಬರ್ತಾರಾಮ್ಮ?"

"ದಿನಾ ಬರ್ತಾಳ್ರಿ."

"ಎಷ್ಟು ಹೊತ್ತು ಇರ್ತಾರೆ?"

ಕಳಕಮ್ಮ ಗೋವಿಂದರಾಜನ ಕಡೆ ನೋಡಿದಳು. "ಮುಂಜಾನೆಯಿಂದ ಸಂಜಿತನಾ ಇಲ್ಲೇ ಇರ್ತಾಳ್ರಿ."

"ಔಷಧ, ಬ್ಯಾಂಡೇಜು ಎಲ್ಲ ಕೊಡ್ತಾರಾ?"

"ಕೊಡ್ತಾರ್ರಿ."

"ಈ ಹಾಸಿಗೆ ಆರಾಮಾಗಿದೆಯಾ?"

"ಅರಮನಿಯಾಗ ಮಲಗಿದಂಗ ಐತ್ರಿ ಅಕ್ಕಾರ."

ಅಂಜಲಿ ನಕ್ಕರು. "ಹುಣ್ಣು ಇತ್ತಂತಲ್ಲ, ಒಮ್ಮೆ ನೋಡಲಾ?"

ಹುಣ್ಣು ಪೂರ್ತಿ ಮುಚ್ಚಿಲ್ಲ. ಅದನ್ನು ಕಂಡರೆ ಹಜರತಬೀಯ ತಪ್ಪು ಎಂದು ಬರೆಯುತ್ತಾರೆ. ಕಳಕಮ್ಮನಿಗೆ ಬೇರೇನೂ ಹೊಳೆಯಲಿಲ್ಲ.

"ಅದು ಮಾದು ಭಾಳ ದಿನಾ ಆತ್ರಿ" ಎಂದಳು. "ಹಜರತಬೀ ಕೈಗುಣಾ. ಸುನಿತಾ, ಅಕ್ಕಾರಿಗೆ ಉಡಿ ತುಂಬವ್ವ. ಹೆಣ್ಮಗಳು ಹಂಗ ಹೋಗಬಾರದು."

ಸುನಿತಾ ಅಕ್ಕಿ, ಎಲೆ ಅಡಿಕೆ, ಒಂದು ಖಣ ತಂದು ಮೇಡಂ ಉಡಿಗೆ ಹಾಕಿದಳು. ಅಂಜಲಿಯ ಕಣ್ಣು ತುಂಬಿತು. ಫೋಟೊ ತೆಗೆಸಿಕೊಂಡರು. ಕಾರು ಹೋಯಿತು.

ಧೂಳು ಆರುವ ಮೊದಲೇ ಹಜರತಬೀ ಕೌದಿ ಕಿತ್ತೆಸೆದಳು. ಪಕೀರಮ್ಮ ಹೆಗಲು ಹಿಡಿದಳು, ಅವಳು ಸೊಂಟ ಹಿಡಿದಳು. ಹೊರಳಿಸಿದಾಗ ಬಿಳಿ ಚಾದರಕ್ಕೆ ಅಂಟಿಕೊಂಡು ಚರ್ಮವೂ ಬಂತು.

ಪಕೀರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಳಕಮ್ಮ ಗೋಡೆಯ ಕಡೆ ಮುಖ ಮಾಡಿ ಕೇಳಿದಳು: "ಯಾಕಬೇ ಸುಮ್ಮನಾದ್ರಿ? ಹಾಸಿಗಿ ಹೊಲಸಾತೇನು?"

"ಇಲ್ಲ ಅಕ್ಕಾ" ಎಂದಳು ಹಜರತಬೀ. "ಹಾಸಿಗಿಗೆ ಏನೂ ಆಗಿಲ್ಲ."

ಗೋವಿಂದರಾಜ ಬಾಗಿಲಲ್ಲಿ ನಿಂತಿದ್ದ. "ಲಗೂನ ಹಾಸಿಗಿ ಖಾಲಿ ಮಾಡ್ರಿ. ಟೆಂಪೊ ಹೋಗಬೇಕು."

"ಇವತ್ತೊಂದು ರಾತ್ರಿ ಬಿಡ್ರಿ ಸರ್. ಕರೆಂಟು ಬಂದೈತಿ. ಬೆನ್ನು ನೋಡ್ರಿ ಇಲ್ಲಿ."

ಅವನು ನೋಡಲಿಲ್ಲ. "ನಾಳೆ ಇಟಗಿಯಾಗ ಭೇಟಿ ಐತಿ. ಮೇಡಂಗ ಅಲ್ಲಿ ಗುಡಿನೂ ನೋಡಬೇಕಂತ. ಚಾದರ ಒಗದು ಕಳಸ್ರಿ."

ಗಾಳಿ ಹಾಸಿಗೆ ಟೆಂಪೊ ಹತ್ತಿತು. ಕಳಕಮ್ಮ ಮತ್ತೆ ಹಲಗೆಯ ಮೇಲೆ ಬಿದ್ದಳು.

ಮರುದಿನ ಅಂದಪ್ಪ ಮಿಲ್ಲಿನಿಂದ ಹೊಸ ಹೊಟ್ಟು ತಂದ. ಹಜರತಬೀ ಇನ್ನೊಂದು ದಿಂಬು ಹೊಲಿದಳು. ಆದರೆ ಆನಿಸಲು ಬೆನ್ನೇ ಉಳಿದಿರಲಿಲ್ಲ. ಹುಣ್ಣು ಎಲುಬು ಮುಟ್ಟಿತು.

ಸಂಸ್ಥೆಗೆ ಉತ್ತಮ ಅಂಕ ಬಂತು. ಕಳಕಮ್ಮನ ಮನೆಗೆ ಎಲ್ಲಕ್ಕಿಂತ ಹೆಚ್ಚು ಬಂತು. ಹುಣ್ಣು ಮಾದಿದೆ, ಇನ್ನು ಮನೆಯವರೇ ನೋಡಿಕೊಳ್ಳಬಲ್ಲರು ಎಂದು ಮೇಡಂ ಬರೆದಿದ್ದರು. ಗೋವಿಂದರಾಜ ಅದನ್ನೇ ಹಿಡಿದು ಆ ಮನೆಯ ಆರೈಕೆ ನಿಲ್ಲಿಸಿದ.

ಹಜರತಬೀ ಆಫೀಸಿಗೆ ಹೋದಳು.

"ಮೇಡಂ ನಂಬರ್ ಕೊಡ್ರಿ. ನಾ ಖರೇ ಹೇಳ್ತೀನಿ."

"ಏನಂತ ಹೇಳ್ತಿ? ಆಕಿನ ಬಾಯ್ಲೇ ಹೇಳ್ಯಾಳಲ್ಲ, ಮಾದೈತಿ ಅಂತ."

"ನೀವು ಹೇಳಿಸಿದ್ರಿ."

"ನೀ ಬಾಜೂ ನಿಂತಿದ್ದಿ. ಆವಾಗ ಬಾಯಿ ಇರಲಿಲ್ಲೇನು?"

ಮೇಜಿನ ಮೇಲಿದ್ದ ಅವಳ ಗುರುತಿನ ಚೀಟಿಯನ್ನು ಗೋವಿಂದರಾಜ ಡ್ರಾಯರಿಗೆ ಹಾಕಿಕೊಂಡ. "ನಾಳಿಂದ ಬರಬ್ಯಾಡ" ಎಂದ.

ಅವಳು ಕಳಕಮ್ಮನ ಮನೆಗೆ ಬರುವುದನ್ನು ಬಿಡಲಿಲ್ಲ. ಗದ್ದೆಗೆ ಕಳೆ ಕೀಳಲು ಹೋಗಿ, ಕೆಸರುಗಾಲಲ್ಲೇ ಬಂದು ಪಟ್ಟಿ ಬಿಚ್ಚುತ್ತಿದ್ದಳು. ಸುನಿತಾ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಲಿಲ್ಲ. ಅವ್ವನ ಮೈ ಕಾದ ಹಂಚಾಗಿತ್ತು. ಗಂಗಾವತಿಯಲ್ಲಿ ಡಾಕ್ಟರು ಕೊಪ್ಪಳಕ್ಕೆ ಒಯ್ಯಿರಿ ಎಂದರು. ಕೊಪ್ಪಳದಲ್ಲಿ, ವಿಷ ರಕ್ತಕ್ಕೆ ಇಳಿದಿದೆ, ತಡ ಮಾಡಿದಿರಿ ಎಂದರು.

ಕಡೆಯ ಸಲ ಪಟ್ಟಿ ಕಟ್ಟುವಾಗ ಕಳಕಮ್ಮ ಹಜರತಬೀಯ ಕೈ ಹಿಡಿದಳು.

"ಖರೇ ಹೇಳಿದ್ರ ನಿನ್ನ ಕೆಲಸ ಹೋಗ್ತಿತ್ತಲ್ಲಬೇ. ಅದಕ್ಕ ಹಂಗಂದೆ. ಕೆಲಸ ಐತಿಲ್ಲೋ?"

"ಐತಿ ಅಕ್ಕಾ" ಎಂದಳು ಹಜರತಬೀ.

ಮುಂದಿನ ವರ್ಷ ಅದೇ ತಿಂಗಳಲ್ಲಿ ಟೆಂಪೊ ಮತ್ತೆ ಓಣಿಗೆ ಬಂತು. ಎರಡು ಮನೆ ಆಚೆ ವಿರುಪಣ್ಣ ಎಂಬ ಮುದುಕನಿಗೆ ಪಾರ್ಶ್ವವಾಯು ಹೊಡೆದಿತ್ತು. ಗಾಳಿ ಹಾಸಿಗೆಗೆ ಅದೇ ಪ್ಲಾಸ್ಟಿಕ್ಕು ಸುತ್ತಿತ್ತು. ಪಕೀರಮ್ಮ ಟೆಂಪೊದ ಹಿಂದೆ ಬಂದು ನಿಂತಳು. ಅವಳ ಹಿಂದೆ ಅಂದಪ್ಪ. ಅವನ ಹಿಂದೆ ಓಣಿಯ ಹೆಂಗಸರು.

"ಬಿಟ್ಟು ಹೋಗೂದಾದ್ರ ಇಳಸ್ರಿ" ಎಂದಳು ಪಕೀರಮ್ಮ. "ಒಯ್ಯೂದಾದ್ರ ಇಳಸಬ್ಯಾಡ್ರಿ."

"ನಿಮ್ಮ ಮುದುಕಗ ಛಲೋ ಆಗ್ಲಿ ಅಂತ ತಂದೀವಿ."

"ಎಷ್ಟೊತ್ತಿನತನಾ ಛಲೋ? ಮೇಡಂ ಗುಡ್ಡಾ ಇಳದು ಬರೂತನಾ?"

ಗೋವಿಂದರಾಜ ಕೂಗಾಡಲಿಲ್ಲ. ಗಡಿಯಾರ ನೋಡಿದ. "ಬ್ಯಾಡಂದ್ರ ಬ್ಯಾಡ. ಊರು ಕಮ್ಮಿ ಅದಾವೇನು" ಎಂದು ಟೆಂಪೊ ತಿರುಗಿಸಲು ಹೇಳಿದ. ಮುಂದಿನ ಊರಲ್ಲಿ ಹಾಸಿಗೆ ಇಳಿಯಿತೆಂದು ಸಂಜೆ ಸುದ್ದಿ ಬಂತು. ಆ ಊರಿನವರು ಟೆಂಪೊಗೆ ಕೈಮುಗಿದರಂತೆ.

ಈ ಓಣಿಯಲ್ಲಿ ಹೋದದ್ದು ಇಷ್ಟು: ಒಂದು ಜೀವ. ಒಂದು ಕೆಲಸ. ಒಂದು ಹುಡುಗಿಯ ಸಾಲೆ. ಒಂದು ಹೊಟ್ಟಿನ ದಿಂಬು.