ಏಳನೇ ಮಹಡಿಯ ತೃಪ್ತಿ

ನಮ್ಮ ಕಟ್ಟಡದ ಲಿಫ್ಟು ನಿಂತು ನಾಲ್ಕು ತಿಂಗಳಾಗಿತ್ತು. ವಾರಕ್ಕೆರಡು ಸಲ ಅಪ್ಪನಿಗೆ ಡಯಾಲಿಸಿಸ್. ಏಳನೇ ಮಹಡಿಯಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಎದುರುಮನೆಯ ಪೇಂಟರ್ ಮಾವನೂ ಇಳಿಸುತ್ತಿದ್ದೆವು. ಕೆಳಗೆ ಆಸ್ಪತ್ರೆಯ ವ್ಯಾನು ಹತ್ತು ನಿಮಿಷ ಕಾಯುತ್ತದೆ, ಅಷ್ಟೇ.

ವಸತಿ ಇಲಾಖೆಯಿಂದ ನಿವಾಸಿಗಳ ತೃಪ್ತಿ ಅಳೆಯುವ ಹಾಳೆಗಳು ಬಂದಾಗ, ನನ್ನ ಅಕ್ಷರ ದುಂಡಗಿದೆಯೆಂದು ಸಂಘದ ಕಾರ್ಯದರ್ಶಿ ಅವನ್ನು ನನಗೇ ಕೊಟ್ಟರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೇ ದೊಡ್ಡದಾಗಿ ಕಂಡಿತು. ನಲವತ್ತು ಬಾಗಿಲು ತಟ್ಟಿದೆ. ಮಹಡಿ ಹತ್ತಿಳಿಯುವ ಅನುಕೂಲ ಹೇಗಿದೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಪರವಾಗಿಲ್ಲ, ಹೇಗೋ ನಡೀತಿದೆ. ಟೈಲರ್ ಅತ್ತೆಯಂತೂ, "ನನ್ನ ಸೊಂಟ ಎರಡಿಂಚು ಇಳಿದಿದೆ ಕಣೇ. ಪರವಾಗಿಲ್ಲ ಅಂತ ಬರ್ಕೋ," ಎಂದು ನಕ್ಕಳು. ಅಪ್ಪನೂ ಹಾಗೇ ಅಂದ. ಹಾಳೆಯಲ್ಲಿದ್ದದ್ದು ಎರಡೇ ಚೌಕ: ತೃಪ್ತಿ, ಅತೃಪ್ತಿ. ಯಾರೂ ದೂರು ಹೇಳದಿದ್ದಾಗ ಅತೃಪ್ತಿ ಎಂದು ಹೇಗೆ ಬರೆಯಲಿ? ತೃಪ್ತಿಗೇ ಗುರುತು ಹಾಕಿ ಸಹಿ ಮಾಡಿಸಿಕೊಂಡೆ.

ತೃಪ್ತಿಯಲ್ಲಿ ನಮ್ಮ ಕಟ್ಟಡವೇ ಮೊದಲು ಬಂತು. ಆ ಹಾಳೆಗಳನ್ನು ನೋಡಿ ಇಲಾಖೆ ಕೊಟ್ಟ ಹೊಸ ಲಿಫ್ಟು ಮಾತ್ರ, ಬಾಯಿತುಂಬ ಬೈದು ಅತೃಪ್ತಿ ಬರೆಸಿದ್ದ ಹಿಂಬದಿಯ ಕಟ್ಟಡದವರ ಪಾಲಾಯಿತು.

ಸಂಘದ ಸಭೆಯಲ್ಲಿ ಅವತ್ತಿನವರೆಗೆ ನಾನು ತುಟಿ ಬಿಚ್ಚಿದವಳಲ್ಲ. ಗೋಡೆ ಹಿಡಿದು ಎದ್ದು ನಿಂತೆ.

"ತಪ್ಪು ನಂದು. ಅವರೆಲ್ಲ ಪರವಾಗಿಲ್ಲ ಅಂದ್ರು. ನಾನು ತೃಪ್ತಿ ಅಂತ ಹಾಕ್ದೆ."

ಕಾರ್ಯದರ್ಶಿ ಸಿಟ್ಟಾಗಲಿಲ್ಲ. "ಎರಡಕ್ಕೂ ಏನಮ್ಮ ವ್ಯತ್ಯಾಸ? ಸಹಿ ಎಲ್ಲರದೂ ಇದೆ. ಮುಂದಿನ ವರ್ಷ ಮತ್ತೆ ಕೇಳ್ತಾರೆ, ಆಗ ಸರಿಯಾಗಿ ಬರೆಯುವೆಯಂತೆ."

"ಮುಂದಿನ ವರ್ಷದ ತನಕ ಅಪ್ಪ..." ಎಂದೆ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಟೈಲರ್ ಅತ್ತೆ ಮೆಲ್ಲನೆ ಕೈ ಎಳೆದು ಕೂರಿಸಿದಳು.

ಎರಡು ದಿನ ಕಳೆದು ಅಪ್ಪನನ್ನು ಇಳಿಸುವಾಗ, ನಾಲ್ಕನೇ ಮಹಡಿಯ ತಿರುವಿನಲ್ಲಿ ಪೇಂಟರ್ ಮಾವನ ಬೆನ್ನು ಹಿಡಿದುಕೊಂಡಿತು. ಅವನು ಗೋಡೆಗೊರಗಿ ಹಾಗೇ ಕುಸಿದು ಕೂತ. ಆ ಮಹಡಿಯ ಬಾಗಿಲುಗಳನ್ನೆಲ್ಲ ಬಡಿದೆ. ದುಡಿಯುವವರೆಲ್ಲ ಕೆಲಸಕ್ಕೆ ಹೋಗಿದ್ದರು. ತೆರೆದದ್ದು ಒಂದೇ ಬಾಗಿಲು, ಕೋಲೂರಿದ ಒಬ್ಬ ಅಜ್ಜಿಯದು.

ಅಪ್ಪನ ಮುಂದೆ ಬೆನ್ನು ಕೊಟ್ಟು ಕೂತೆ. "ಕುತ್ತಿಗೆ ಬಿಗಿಯಾಗಿ ಹಿಡ್ಕೋ ಅಪ್ಪ."

ಹಿಡಿದ. ಏಳುತ್ತಿದ್ದಂತೆ ಅವನ ಕೈ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಕೆಳಗೆ ಹಾರ್ನು ಎರಡು ಸಲ ಕೇಳಿಸಿತು. ಕಿಟಕಿಗೆ ಓಡಿ ನಿಲ್ಲಿಸಿ ಎಂದು ಕೂಗಿದೆ. ಕೂಗಿ ಅಭ್ಯಾಸವಿಲ್ಲದ ಗಂಟಲು. ವ್ಯಾನು ಗೇಟು ದಾಟುವುದು ಅಲ್ಲಿಂದ ಸ್ಪಷ್ಟವಾಗಿ ಕಾಣಿಸುತ್ತಿತ್ತು.