ಫುಮಿ ಹುಡುಕುತ್ತಿದ್ದ ಮುಖ

ಮತ್ತಿಗಿರಿ ಬಸ್ ಸ್ಟಾಪಿನ ಎದುರಿಗೆ ವೇಣುವಿನ ಸ್ಟುಡಿಯೋ. ಈಗೀಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್, ಜೆರಾಕ್ಸ್ ಬಿಟ್ಟರೆ ಬೇರೆ ಕೆಲಸವಿಲ್ಲ. ಆದರೂ ಹಿಂದುಗಡೆಯ ಡಾರ್ಕ್ ರೂಮನ್ನು ಅವನು ಮುಚ್ಚಿರಲಿಲ್ಲ. ಅಪ್ಪ ಶಿವಣ್ಣ ಬಿಟ್ಟುಹೋದ, ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರನ್ನು ಗುಜರಿಗೆ ಹಾಕಲು ಕೈ ಬಂದಿರಲಿಲ್ಲ, ಅಷ್ಟೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಬೆಂಗಳೂರಿನಿಂದ ಬಂದು ಹಳೇ ಕಾಲದ ಫಿಲ್ಮ್ ತೊಳೆಸಿಕೊಂಡು ಹೋಗುತ್ತಿದ್ದರು.

ಅಂಥವರೊಬ್ಬರ ಮಾತು ಕೇಳಿ ಒಂದು ದಿನ ಮೊರಿತಾ ಬಂದರು. ಎಪ್ಪತ್ತಾರರ ಜಪಾನಿ ಮುದುಕರು. ಮಗಳು ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಆರು ತಿಂಗಳು ಅವಳ ಜೊತೆ ಇದ್ದು ಹೋಗಲು ಬಂದಿದ್ದರು. ಕಂಕುಳಲ್ಲಿ ಒಂದು ತಗಡಿನ ಡಬ್ಬಿ. ಅದರ ತುಂಬ ಅವರ ತಂದೆ ತೆಗೆದ ನೆಗೆಟಿವ್‌ಗಳು.

ತಂದೆ ಹಳ್ಳಿಯ ಮೇಷ್ಟ್ರಂತೆ. ಯುದ್ಧದಲ್ಲಿ ದೇಶ ಸೋತ ಮಾರನೇ ವರ್ಷ ಒಂದು ಹಳೇ ಕ್ಯಾಮೆರಾ ಕೊಂಡು, ಹದಿಮೂರು ವರ್ಷ ತಮ್ಮ ಸೀಮೆಯನ್ನು ಬಿಟ್ಟು ಬೇರೇನನ್ನೂ ತೆಗೆಯಲಿಲ್ಲವಂತೆ. ಆಮೇಲೆ ಇದ್ದಕ್ಕಿದ್ದಂತೆ ಕ್ಯಾಮೆರಾ ಕೆಳಗಿಟ್ಟವರು ಸಾಯುವವರೆಗೂ ಮುಟ್ಟಲಿಲ್ಲ. ಹೋದ ವರ್ಷ ಚಿಕ್ಕಪ್ಪನ ಮನೆ ಕೆಡವುವಾಗ ಅಟ್ಟದ ಮೇಲೆ ಈ ಡಬ್ಬಿ ಸಿಕ್ಕಿತ್ತು. ತಮ್ಮ ಊರಿನಲ್ಲಿ ಅದನ್ನು ತೆರೆಯಲು ಮೊರಿತಾರಿಗೆ ಯಾಕೋ ಧೈರ್ಯ ಬರಲಿಲ್ಲ. ಇದನ್ನೆಲ್ಲ ಅವರು ಇಂಗ್ಲಿಷಿನಲ್ಲಿ ಹೇಳಿದರು. ಇಬ್ಬರ ಇಂಗ್ಲಿಷೂ ಕುಂಟುತ್ತಿದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ವಾರಕ್ಕೆ ಮೂರು ದಿನ, ಮಧ್ಯಾಹ್ನ ಅಂಗಡಿಗೆ ಜನ ಕಡಿಮೆಯಾದಾಗ, ಇಬ್ಬರೂ ಕೆಂಪು ದೀಪದ ಕೆಳಗೆ ನಿಲ್ಲುತ್ತಿದ್ದರು. ಟ್ರೇಯ ಔಷಧದ ನೀರಿನಲ್ಲಿ, ಕಾಗದದ ಮೇಲೆ, ವೇಣು ಕಂಡಿರದ ದೇಶವೊಂದು ಕಣ್ಣುಬಿಡುತ್ತಿತ್ತು. ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಾಕುವ ಹೆಂಗಸರು. ಯುದ್ಧಕ್ಕೆ ಹೋದ ಮಗನ ಕೋಟು ತೊಟ್ಟು ಉಳುವ ಮುದುಕ. ಕೆಲವು ವರ್ಷ ಕಳೆದ ಮೇಲೆ ಅದೇ ಗದ್ದೆಯ ಬದುವಿನಲ್ಲಿ ಕರೆಂಟು ಕಂಬ, ಅದರಾಚೆ ಹೊಗೆ ಕೊಳವೆ. ಗದ್ದೆಯಲ್ಲಿ ಹರೆಯದವರು ಯಾರೂ ಇಲ್ಲ. ಬಗ್ಗಿ ನಿಂತವರೆಲ್ಲ ಅಜ್ಜಿಯರು. ವೇಣುವಿಗೆ ಆ ಮುಖಗಳು ಪರಕೀಯ ಅನ್ನಿಸಲಿಲ್ಲ. ಅವನ ಊರು ತಳಿಯಿಂದ ಜವಳಗಿರಿಗೆ ಹೋಗುವ ದಾರಿಯಲ್ಲಿತ್ತು. ಅಲ್ಲೂ ಈಗ ಬೆಳಗಿನ ಕಂಪನಿ ಬಸ್ಸು ಹೋದ ಮೇಲೆ ಹುರುಳಿಕಾಯಿ ಬಿಡಿಸಲು ಉಳಿಯುವವರು ವಯಸ್ಸಾದವರೇ.

ಡಬ್ಬಿಯ ತಳದಲ್ಲಿ ಒಂದು ಸುರುಳಿ ಬೇರೆಯಾಗಿ, ಕಾಗದ ಸುತ್ತಿ ಇಟ್ಟಿತ್ತು. ಅದು ರೈಲ್ವೆ ಸ್ಟೇಷನ್ನಿನದು. ಆ ಕಾಲದಲ್ಲಿ ಇಸ್ಕೂಲು ಮುಗಿಸಿದ ಹದಿನೈದರ ಮಕ್ಕಳನ್ನು ಒಂದೇ ರೈಲಿನಲ್ಲಿ ತುಂಬಿ ಪಟ್ಟಣದ ಕಾರ್ಖಾನೆಗಳಿಗೆ ಕಳಿಸುತ್ತಿದ್ದರಂತೆ. ಪ್ಲಾಟ್‌ಫಾರಂ ತುಂಬ ತಾಯಂದಿರು, ಕಿಟಕಿಗಳ ತುಂಬ ಸಮವಸ್ತ್ರದ ಮಕ್ಕಳು. ಕೊನೆಯ ಏಳು ನೆಗೆಟಿವ್‌ಗಳಲ್ಲಿ ಮಾತ್ರ ಒಬ್ಬಳೇ ಹುಡುಗಿ. ಎರಡು ಜಡೆ, ದುಂಡು ಮುಖ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಜನರ ನಡುವೆ ಯಾರನ್ನೋ ಹುಡುಕುತ್ತಿದ್ದಳು. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಒಂದರಲ್ಲೂ ಅವಳ ನೋಟ ಕ್ಯಾಮೆರಾದ ಮೇಲೆ ಬಿದ್ದಿರಲಿಲ್ಲ.

ನೀರಿನಲ್ಲಿ ಮುಖ ಸ್ಪಷ್ಟವಾಗುತ್ತಿದ್ದಂತೆ ಮೊರಿತಾ ಟ್ರೇಯ ಮೇಲೆ ಬಗ್ಗಿದರು. ವೇಣು ಸ್ಟೂಲು ಎಳೆದು ಕೊಟ್ಟ.

ಅವಳು ಅವರ ಅಕ್ಕ ಫುಮಿ. ಅವಳು ಹೊರಟಾಗ ಮೊರಿತಾರಿಗೆ ಎಂಟು ವರ್ಷ. ಅಮ್ಮನ ಜೊತೆ ಸ್ಟೇಷನ್ನಿಗೆ ಹೋಗಿದ್ದರು. ಅಪ್ಪ ಬರಲಿಲ್ಲ. ರೈಲು ಹೊರಡುವವರೆಗೂ ಅಕ್ಕ ಅಪ್ಪ ಎಲ್ಲಿ ಅಂತ ಕೇಳುತ್ತಲೇ ಇದ್ದಳು. ನೂಲಿನ ಗಿರಣಿಯಲ್ಲಿ ನಾಲ್ಕು ವರ್ಷ ದುಡಿದು, ಎದೆ ಕೆಟ್ಟು, ಮನೆಗೆ ಮರಳಿ ಹತ್ತೊಂಬತ್ತಕ್ಕೆ ತೀರಿಕೊಂಡಳು. ಮಗಳನ್ನು ಕಳಿಸಿಕೊಡಲೂ ಬಾರದ ಮನುಷ್ಯ ಅಂತ ಅಮ್ಮ ಕೊನೆಯವರೆಗೂ ಅಪ್ಪನನ್ನು ಕ್ಷಮಿಸಲಿಲ್ಲ. ಮೊರಿತಾ ಕೂಡ ಕ್ಷಮಿಸಿರಲಿಲ್ಲ.

"ಅಪ್ಪ ಬಂದಿದ್ದರು," ಅಂದರು ಮೊರಿತಾ. ಇನ್ನೊಂದು ಪ್ರಿಂಟನ್ನು ಎತ್ತಿ ನೋಡಿ ಮತ್ತೆ ಹೇಳಿದರು: "ಅಲ್ಲೇ ನಿಂತಿದ್ದರು. ಮುಖದಿಂದ ಕ್ಯಾಮೆರಾ ಇಳಿಸಲಿಲ್ಲ."

ಅದು ತಂದೆಯ ಪರವಾದ ಮಾತೋ ದೂರೋ ವೇಣುವಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ. ಏಳರಲ್ಲಿ ಯಾವುದನ್ನು ದೊಡ್ಡದು ಮಾಡಲಿ ಸಾರ್ ಅಂತ ಕೇಳಿದಾಗ, ಏಳೂ ಬೇಕು, ಚಿಕ್ಕದಾಗಿಯೇ ಇರಲಿ ಅಂದರು. ಜಪಾನಿಗೆ ಹೊರಡುವ ಮುಂಚಿನ ದಿನ ಬಂದು ವೇಣುವಿನ ಎರಡೂ ಕೈ ಹಿಡಿದುಕೊಂಡು, ನೀವು ಹೇಳಿದ ನಿಮ್ಮೂರಿನ ಕಂಪನಿ ಬಸ್ಸಿನ ಫೋಟೋ ಯಾರು ತೆಗೆಯುತ್ತಿದ್ದಾರೆ ಅಂತ ಕೇಳಿದರು.

ಆಮೇಲೆ ಭಾನುವಾರ, ರಜಾದಿನ ಬಂದರೆ ಸಾಕು, ಅಪ್ಪನ ಕಾಲದ ಕ್ಯಾಮೆರಾ ಹೆಗಲಿಗೇರಿಸಿ ಅವನು ಮೇಲಿನ ಹಳ್ಳಿಗಳಿಗೆ ಹೊರಡತೊಡಗಿದ. ರಾಗಿ ಕಣದ ಮಗ್ಗುಲಲ್ಲಿ ಸೈಟಿನ ಕಲ್ಲು ನೆಟ್ಟಿದ್ದು, ಆನೆ ಕಾಯುವ ಅಟ್ಟಣೆಯ ಮೇಲೆ ಕಂಪನಿ ಶರ್ಟು ಹಾಕಿಕೊಂಡು ಕೂತ ಹುಡುಗ, ಗುಲಾಬಿ ಕಟ್ಟುವ ಹೆಂಗಸರ ಕೊರಳಿನ ಐಡಿ ಕಾರ್ಡು. ಹಿಂದೆ ಮದುವೆ ಫೋಟೋಗಳಲ್ಲಿ ಮಾಡುತ್ತಿದ್ದಂತೆ ಗಲ್ಲ ಎತ್ತಿ, ಹೆಗಲು ತಿದ್ದಿ ನಿಲ್ಲಿಸುವ ಅಭ್ಯಾಸವನ್ನು ಬಿಡಲು ಅವನಿಗೆ ತಿಂಗಳೇ ಬೇಕಾಯಿತು. ಜನ ಮೊದಮೊದಲು ನಕ್ಕರು, ಆಮೇಲೆ ಅವನು ಇರುವುದನ್ನೇ ಮರೆತರು.

ಊರಲ್ಲಿದ್ದ ಅವನ ಅಕ್ಕ ಪಿಳ್ಳಮ್ಮನ ಮಗಳು ಮುನಿಲಕ್ಷ್ಮಿಗೆ ಆ ಜೂನಿನಲ್ಲಿ ದೂರದ ಫೋನ್ ಫ್ಯಾಕ್ಟರಿಯಲ್ಲಿ ಕೆಲಸವಾಯಿತು. ಅಲ್ಲೇ ಹಾಸ್ಟೆಲ್ಲು. ಇಡೀ ಫಿರ್ಕಾದ ಹಳ್ಳಿಗಳಿಂದ ಮೂವತ್ತು ಹುಡುಗಿಯರಿಗೆ ಒಂದೇ ಬಸ್ಸು. ವೇಣು ಹಿಂದಿನ ದಿನವೇ ಬಸ್ಸು ನಿಲ್ಲುವಲ್ಲಿಗೆ ಹೋಗಿ ಬೆಳಕು ಯಾವ ಕಡೆಯಿಂದ ಬೀಳುತ್ತೆ ಅಂತ ನೋಡಿಬಂದಿದ್ದ. ಬೆಳಿಗ್ಗೆ ಬಸ್ಸು ಬಂದು ನಿಂತು, ಹುಡುಗಿಯರು ಹತ್ತಿ, ತಾಯಂದಿರು ಕಿಟಕಿಗಳ ಕೆಳಗೆ ಸೇರಿದರು. ಅಂಥ ಚಿತ್ರ ಜನ್ಮಕ್ಕೊಮ್ಮೆ ಸಿಗುವಂಥದು. ಅವನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ.

ಪಿಳ್ಳಮ್ಮ ತಲೆಯ ಮೇಲೆ ರಾಗಿ ಹಿಟ್ಟಿನ ಚೀಲ, ಸೊಂಟದಲ್ಲಿ ಹಾಸಿಗೆ ಸುತ್ತಿದ ಗಂಟು ಹೊತ್ತು ಜನರ ನಡುವೆ ನುಗ್ಗಲಾರದೆ ನಿಂತಿದ್ದಳು. ತಮ್ಮನನ್ನು ಕಂಡು ಹೇಳಿದಳು:

"ಲೇ ವೇಣು, ಅದ್ನ ಆಮ್ಯಾಕೆ ತೆಗೀವಂತೆ. ಈ ಚೀಲ ಮಗೀಗೆ ಎತ್ತಿ ಕೊಡ್ಲಾ. ನಂಗೆ ಎಟಕಾಕಿಲ್ಲ."

ಎದುರಿಗೆ ಬೆಳಕು ಸರಿಯಾಗಿತ್ತು. ವೇಣು ಕ್ಯಾಮೆರಾವನ್ನು ಬೆನ್ನಿಗೆ ತಳ್ಳಿ, ಚೀಲ ಎತ್ತಿಕೊಂಡು, ಸಂದಿಯಲ್ಲಿ ದಾರಿ ಮಾಡಿಕೊಂಡು ಹೋಗಿ ಕಿಟಕಿಗೆ ಕೊಟ್ಟ. ಆಮೇಲೆ ಗಂಟು ಕೊಟ್ಟ. ಮುನಿಲಕ್ಷ್ಮಿ ಅವನ ಬೆರಳು ಹಿಡಿದವಳು ಬಸ್ಸು ಜಗ್ಗುವವರೆಗೂ ಬಿಡಲಿಲ್ಲ. ಅವ್ವನ್ನ ನೋಡ್ಕಳಿ ಮಾವ ಅಂದಳು.

ಆ ದಿನದ ಒಂದು ಚಿತ್ರವೂ ಅವನ ಹತ್ತಿರ ಇಲ್ಲ. ಮನೆಗೆ ಬಂದು ಅದಕ್ಕಾಗಿ ಮರುಗಿದ್ದೂ ನಿಜ.

ಪೊಂಗಲ್ ಮುಗಿದ ಮೇಲೆ, ತೆಗೆದಿದ್ದರಲ್ಲಿ ನಲವತ್ತನ್ನು ಆರಿಸಿ ದೊಡ್ಡದಾಗಿ ಪ್ರಿಂಟು ಹಾಕಿ, ಊರಿನ ಇಸ್ಕೂಲಿನ ಗೋಡೆಗೆ ಹಗ್ಗ ಕಟ್ಟಿ ನೇತುಹಾಕಿದ. ಜನ ನೋಡುತ್ತ ನಡೆದರು. ಊರಿನ ರೈತ ವೆಂಕಟೇಶಪ್ಪ ಈಗ ಮಾರಿಹೋದ ತನ್ನ ಹೊಲದ ಚಿತ್ರದ ಮುಂದೆ ನಿಂತು, ಕೇಳದೆಯೇ ಅದನ್ನು ಬಿಚ್ಚಿಕೊಂಡು ಮನೆಗೆ ಹೊರಟ. ಅವನನ್ನು ನೋಡಿ ಉಳಿದವರೂ ತಂತಮ್ಮದನ್ನು ಬಿಚ್ಚಿಕೊಂಡರು. ಸಂಜೆಗೆ ಹಗ್ಗ ಬರಿದಾಯಿತು. ವೇಣು ಯಾರನ್ನೂ ತಡೆಯಲಿಲ್ಲ.

ರಜೆಗೆ ಬಂದಿದ್ದ ಮುನಿಲಕ್ಷ್ಮಿ ಹಗ್ಗದ ಹತ್ತಿರ ಬಂದು, ನಂದೊಂದೂ ಇಲ್ವಲ್ಲ ಮಾವ ಅಂದಳು. ಏಳು ತಿಂಗಳಲ್ಲಿ ಅವಳ ಕೆನ್ನೆ ಇಳಿದಿತ್ತು. ಈಗ ತೆಗೆಯಲಾ ಅಂತ ಅವನು ಕೇಳಿದ. ಅವಳು ಪಕ್ಕದ ಹುರುಳಿಕಾಯಿ ತೋಟಕ್ಕೆ ಹೋಗಿ, ಮೈಮೇಲಿದ್ದ ಕಂಪನಿ ಜಾಕೆಟ್ಟಿನಲ್ಲೇ ಚಪ್ಪರದ ಕಂಬಕ್ಕೆ ಒರಗಿ ನಿಂತಳು.

"ನಗ್ಬೇಕಾ?" ಅಂದಳು.

"ನಿನ್ನಿಷ್ಟ ಕಣವ್ವ."

ಅವಳು ನಗಲಿಲ್ಲ. ನೆಟ್ಟಗೆ ಅವನನ್ನೇ ನೋಡಿದಳು.